ಮಣ್ಣಿಗೆ ಸೂಜಿ ಹಿಡಿದ ಅತ್ತೆ

"ಮನುಷ್ಯರಿಗೆ ಚುಚ್ಚಿ ಚುಚ್ಚಿ ಸಾಕಾಯ್ತು, ಈಗ ಮಣ್ಣಿಗೆ ಚುಚ್ಚೋಕೆ ಹೊರಟಿದಾಳೆ."

ಸೂಜಿ ಅತ್ತೆಯ ಬಗ್ಗೆ ನಮ್ಮ ಬೀದಿಯವರು ಆಡುತ್ತಿದ್ದ ಮಾತು ಇದು. ಆಡಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎದುರು ಮನೆಯ ದರ್ಜಿ ಇನ್ನೂ ಒಂದು ಕೈ ಮುಂದೆ. ಹೊಲಿಗೆ ಯಂತ್ರದ ಚಕ್ರಕ್ಕೆ ಅಂಗೈ ಅಡ್ಡ ಇಟ್ಟು ನಿಲ್ಲಿಸಿ, "ಏನತ್ತೆ, ಇವತ್ತು ನಿಮ್ಮ ಮಣ್ಣಿಗೆ ಜ್ವರ ಎಷ್ಟಿದೆ?" ಅಂತ ಕೇಳುವನು. ಅತ್ತೆ ಚಪ್ಪಲಿ ಮೆಟ್ಟುತ್ತಾ ತಲೆ ಎತ್ತದೆಯೇ, "ನಿನ್ನ ನಾಲಿಗೆಗೆ ಇರೋವಷ್ಟಿಲ್ಲ ಬಿಡಪ್ಪ" ಅನ್ನುವಳು. ಚಕ್ರ ಮತ್ತೆ ತಿರುಗುವುದು. ಇಬ್ಬರಿಗೂ ಅದಿಲ್ಲದೆ ಬೆಳಗಾಗುತ್ತಿರಲಿಲ್ಲ.

ಅವಳು ಯಾರಿಗೂ ಸ್ವಂತ ಅತ್ತೆಯಲ್ಲ. ಬೀದಿಯ ತುದಿಯಲ್ಲಿ ಒಬ್ಬ ಮುದುಕ ಡಾಕ್ಟರರ ಕ್ಲಿನಿಕ್ ಇತ್ತಲ್ಲ, ಅಲ್ಲಿ ಕಾಂಪೌಂಡರ್ ಆಗಿದ್ದಳು. ಔಷಧಿ ಕಟ್ಟಿಕೊಡುವುದು, ಗಾಯ ತೊಳೆಯುವುದು, ಮುಖ್ಯವಾಗಿ ಇಂಜೆಕ್ಷನ್ ಕೊಡುವುದು. ಬೀದಿಯಲ್ಲಿ ಅವಳ ಸೂಜಿ ಕಾಣದ ತೋಳೇ ಇರಲಿಲ್ಲ. ಮಕ್ಕಳು ಊಟ ಮಾಡದೆ ಹಟ ಹಿಡಿದರೆ ತಾಯಂದಿರು ಅವಳ ಹೆಸರು ಹೇಳುವರು. ತುತ್ತು ತಾನಾಗಿ ಒಳಗಿಳಿಯುವುದು. ಚುಚ್ಚುವಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಮುಖ ನೋಡಿದ್ರೆ ಕೈ ನಡುಗತ್ತೆ ಕಣೇ. ಸೂಜಿ ಹೋಗೋ ಜಾಗ ಒಂದೇ ನೋಡ್ಬೇಕು." ಚುಚ್ಚಿ ಆದ ಮೇಲೆ ಮಾತ್ರ ಬಗ್ಗಿ, ಆ ಜಾಗಕ್ಕೆ "ಉಫ್" ಅಂತ ಒಂದು ಸಲ ಊದುವಳು. ನೋವು ಅರ್ಧ ಅಲ್ಲೇ ಹೋಗುತ್ತಿತ್ತು.

ಮದುವೆ ಯಾಕಾಗಲಿಲ್ಲ ಅಂತ ಕೇಳಿದವರಿಗೆ ಸಿದ್ಧ ಉತ್ತರ ಇತ್ತು: "ಬಂದ ಗಂಡುಗಳೆಲ್ಲ ನನ್ನ ಕೈಯಲ್ಲಿದ್ದದ್ದು ನೋಡಿ ಓಡಿಹೋದ್ರು."

ಹತ್ತಿರದವನು ಅಂತ ಇದ್ದದ್ದು ಒಬ್ಬ ತಮ್ಮ. ಊರಾಚೆ ಹೊಲ ಮಾಡಿಕೊಂಡಿದ್ದ. ಆಳೆತ್ತರದ, ಕಂಚಿನ ಕಂಠದ ಮನುಷ್ಯ. ಆದರೆ ಸೂಜಿ ಅಂದರೆ ಮುಖ ಬೆಳ್ಳಗಾಗಿಬಿಡುತ್ತಿತ್ತು. ಹುಟ್ಟಿದಂದಿನಿಂದ ಅಕ್ಕನ ಕೈಗೆ ತೋಳು ಕೊಟ್ಟವನಲ್ಲ.

ಡಾಕ್ಟರರು ತೀರಿಕೊಂಡರು, ಕ್ಲಿನಿಕ್ ಮುಚ್ಚಿತು. ಅವರ ಮನೆಯವರು ಅತ್ತೆಗೆ ಕ್ಲಿನಿಕ್ಕಿನ ಗಾಜಿನ ಬೀರು ಕೊಟ್ಟರು. ಎರಡೇ ಕೋಣೆಯ ಮನೆ ಅವಳದು. ಮುಂದಿನ ಕೋಣೆಯ ಅರ್ಧವನ್ನು ಆ ಬೀರುವೇ ನುಂಗಿತು. ಅದರೊಳಗೆ ಏನೂ ಇರಲಿಲ್ಲ. ದಿನಾ ಒರೆಸುವಳು, ಮತ್ತೆ ಬಾಗಿಲು ಹಾಕುವಳು. "ಖಾಲಿ ಬೀರು ಒರೆಸ್ತಾ ಕೂತ್ರೆ ತಲೆನೂ ಖಾಲಿ ಆಗತ್ತತ್ತೆ" ಅಂತ ದರ್ಜಿ ಅಂದ ದಿನ ಮಾತ್ರ ಅವಳು ಒರೆಸುವ ಬಟ್ಟೆ ಕೊಡವಿ ಒಳಗೆ ಹೋದಳು.

ಅಂಥ ಹೊತ್ತಿಗೆ ಮಣ್ಣಿನ ಮೇಡಂ ಬಂದರು. ಮಣ್ಣಿನ ಸಂಶೋಧನೆ ಮಾಡುವ ಒಂದು ಸಂಸ್ಥೆಯವರು, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಪ್ಯಾಂಟಿನ ಮೊಣಕಾಲಲ್ಲಿ ಯಾವಾಗಲೂ ಕೆಸರು. ತಮ್ಮನ ಹೊಲದ ಮಣ್ಣು ತನಗೆ ಬೇಕಾದಂಥದ್ದು ಅಂತ ಅವನ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದರು. ಅವತ್ತು ಅತ್ತೆಯೂ ಅಲ್ಲೇ ಇದ್ದಳು.

"ಕೆಲಸಕ್ಕೆ ಒಬ್ಬರು ಬೇಕು" ಅಂದರು ಮೇಡಂ. "ಸಿರಿಂಜಿನಲ್ಲಿ ಗಾಳಿ ಎಳೆದು ಸಣ್ಣ ಸೀಸೆಗೆ ತುಂಬೋದು. ದಿನವಿಡೀ ಎಳೀಬೇಕು, ಪ್ರತಿ ಸಲವೂ ಒಂದೇ ಥರ ಇರ್ಬೇಕು. ನಾನು ಒಬ್ಬಳೇ ಮಾಡಿ ಮಾಡಿ ಹೆಬ್ಬೆರಳು ಹೋಗಿದೆ."

ತಮ್ಮ ಗದ್ದ ಎತ್ತಿ ಅಕ್ಕನ ಕಡೆ ತೋರಿಸಿದ, ಅಷ್ಟೆ.

ಹೊಲದಲ್ಲಿ ಕೆಲಸ ಏನು ಅಂದರೆ: ಅಗಲವಾದ ಲೋಹದ ಬಳೆಗಳನ್ನು ನೆಲಕ್ಕೆ ಅರ್ಧ ಹುಗಿದಿಟ್ಟಿರುತ್ತಾರೆ. ಅದರ ಮೇಲೆ ಬಿಗಿಯಾಗಿ ಮುಚ್ಚಳ ಹಾಕಬೇಕು. ಮುಚ್ಚಳದ ನೆತ್ತಿಯಲ್ಲಿ ರಬ್ಬರ್ ಬಿರಡೆ. ಅದಕ್ಕೆ ಸೂಜಿ ಚುಚ್ಚಿ ಒಳಗಿನ ಗಾಳಿ ಎಳೆದು ಸೀಸೆಗೆ ತುಂಬುವುದು. ಸ್ವಲ್ಪ ಹೊತ್ತು ಕಾಯುವುದು, ಮತ್ತೆ ಎಳೆಯುವುದು, ಇನ್ನೊಂದು ಸೀಸೆ. ಮೊದಲಿನದಕ್ಕಿಂತ ಆಮೇಲಿನದರಲ್ಲಿ ಏನು ಹೆಚ್ಚಾಗಿದೆಯೋ ಅದು ಮಣ್ಣು ಹೊರಬಿಟ್ಟದ್ದು.

"ಮಣ್ಣು ಯಾಕೆ ಬಿಡತ್ತೆ?" ಅಂತ ಅತ್ತೆ ಕೇಳಿದಳು.

"ಒಳಗೆ ಕಣ್ಣಿಗೆ ಕಾಣದ ಜೀವಗಳಿವೆ. ಒಣಗಿದಾಗ ನಿದ್ದೆ ಹೋಗ್ತವೆ. ಮಳೆ ಬಿದ್ದ ತಕ್ಷಣ ಎಲ್ಲಾ ಒಟ್ಟಿಗೆ ಎದ್ದು ಉಸಿರಾಡ್ತವೆ, ಹೊಲಕ್ಕೆ ಹಾಕಿದ ಗೊಬ್ಬರಕ್ಕೂ ಬಾಯಿ ಹಾಕ್ತವೆ. ಅದೆಲ್ಲ ಗಾಳಿಯಾಗಿ ಮೇಲೆ ಹೋಗತ್ತೆ. ಹೋಗಿ, ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಶೆಖೆ ಏರಿಸತ್ತೆ. ಮುಂಚೆ ಮಳೆ ಸ್ವಲ್ಪ ಸ್ವಲ್ಪವಾಗಿ ಬರ್ತಿತ್ತು. ಈಗ ತಿಂಗಳುಗಟ್ಟಲೆ ಒಣಗಿಸಿ ಒಂದೇ ಸಲ ಸುರಿಯತ್ತೆ. ಹಾಗೆ ಸುರಿದಾಗ ಎಷ್ಟು ಹೋಗತ್ತೆ ಅನ್ನೋದು ನಮಗೆ ಗೊತ್ತಾಗ್ಬೇಕು."

"ಉಪವಾಸ ಇದ್ದವನು ಊಟಕ್ಕೆ ಕೂತ ಹಾಗೆ."

"ಹಾಗೇ! ಊಟ ಆದ್ಮೇಲೆ ತೇಗ್ತಾನಲ್ಲ, ಆ ತೇಗು ಹಿಡೀಬೇಕು ನಾವು."

ಅತ್ತೆಗೆ ಇದು ಮನಸ್ಸಿಗೆ ಬಂತು. ಕೈಯೂ ಬೇಗ ಕೂತುಕೊಂಡಿತು. ಒಂದು ಅಭ್ಯಾಸ ಮಾತ್ರ ಬಿಡಲಿಲ್ಲ: ಸೂಜಿ ಹೊರಗೆಳೆದ ತಕ್ಷಣ ಬಗ್ಗಿ ಬಿರಡೆಗೆ "ಉಫ್" ಅಂತ ಊದಿಬಿಡುವಳು. "ಅಯ್ಯೋ, ಊದ್ಬೇಡಿ! ನಿಮ್ಮ ಉಸಿರೂ ಸೇರ್ಕೊಳತ್ತೆ, ಮುಖ ಆಕಡೆ ತಿರುಗಿಸ್ಕೊಳ್ಳಿ" ಅಂತ ಮೇಡಂ ಕೂಗುವರು. "ಬಡಪಾಯಿಗೆ ನೋವಾಗಲ್ವೇನ್ರೀ" ಅಂತ ಅತ್ತೆ ನಾಲಿಗೆ ಕಚ್ಚಿಕೊಳ್ಳುವಳು. ಕೆಲವು ಬಳೆಗಳ ಮೇಲೆ ಪಾರದರ್ಶಕ ಹಾಳೆಯ ಚಪ್ಪರ ಹಾಕಿ ಮಳೆ ತಡೆಯುತ್ತಿದ್ದರು. ಹಾಗೆ ಸೇರಿದ ನೀರನ್ನು ಬೇರೆ ಬಳೆಗಳ ಮೇಲೆ ಒಂದೇ ಸಲ ಸುರಿಯುತ್ತಿದ್ದರು. ಮಳೆ ಬದಲಾದರೆ ಏನಾಗುತ್ತದೆ ಅಂತ ನೋಡುವ ಬಗೆ ಅದು. ಚಪ್ಪರದ ಹಾಳೆಗೆ ಅಂಚು ಹೊಲಿದು ಕೊಟ್ಟವನು ದರ್ಜಿ. ಮಣ್ಣಿಗೆ ರೈನ್‌ಕೋಟ್ ಹೊಲಿದೆ ಅಂತ ಬೀದಿಯಲ್ಲಿ ಸಾರಿಕೊಂಡು ಬಂದ.

ಖಾಲಿ ಬೀರು ಈಗ ಸೀಸೆಗಳಿಂದ ತುಂಬಿತು. ಬೆಳಗಿನ ಬಿಸಿಲು ಕಿಟಕಿಯಿಂದ ಬಂದು ಅವುಗಳ ಮೇಲೆ ಬಿದ್ದಾಗ ಕೋಣೆಯ ಗೋಡೆಯೆಲ್ಲ ಮಿಣಮಿಣ ಅನ್ನುವುದು. ಅತ್ತೆ ಟೀ ಲೋಟ ಹಿಡಿದು ಅದನ್ನೇ ನೋಡುತ್ತಾ ಕೂರುವಳು.

ತೊಡಕು ಇದ್ದದ್ದು ತಮ್ಮನ ಷರತ್ತಿನಲ್ಲಿ. ಬಳೆಗಳನ್ನು ಹುಗಿದಿದ್ದ ಪಟ್ಟಿ ಹೊಲದ ನಟ್ಟನಡುವೆ ಅಡ್ಡಕ್ಕೆ ಇತ್ತು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕಲ್ಲುಬದು. ಪಟ್ಟಿ ದಾಟದೆ ಟ್ರಾಕ್ಟರ್ ಆಚೆಯ ಅರ್ಧ ಹೊಲಕ್ಕೆ ಹೋಗುವ ಹಾಗಿರಲಿಲ್ಲ. ಬದು ಸುತ್ತಿ ಎತ್ತುಗಳನ್ನು ಆಚೆ ದಾಟಿಸಿ ಉಳಬೇಕಾಗಿತ್ತು. "ಎರಡು ವರ್ಷ ಎತ್ತು ಕಟ್ತೀನಿ" ಅಂದಿದ್ದ ತಮ್ಮ. "ಮೂರನೇ ವರ್ಷದ ಮೊದಲ ಮಳೆಗೆ ಬಳೆ ಕಿತ್ತು ಟ್ರಾಕ್ಟರ್ ಇಳಿಸ್ತೀನಿ. ಆಮೇಲೆ ಅಕ್ಕ ತಮ್ಮ ಅಂತ ಬಂದು ಅಳಬಾರದು."

ಮೇಡಂಗೆ ಬೇಕಾದದ್ದೇ ಆ ಮೊದಲ ಮಳೆ. ಬೇಸಿಗೆಯ ಒಣಗಿನ ಮೇಲೆ ಬೀಳುವ ಮೊದಲ ಮಳೆ, ಮತ್ತು ಅದರ ನಂತರದ ಕೆಲವು ದಿನ. ಒಂದು ವರ್ಷದ್ದು ಸಿಕ್ಕರೆ ಸಾಲದು, ಇನ್ನೊಂದು ವರ್ಷದ್ದರ ಜೊತೆ ಇಟ್ಟು ನೋಡಬೇಕು. ಎರಡು ಮೊದಲ ಮಳೆ ಸಿಕ್ಕರೆ ಕೆಲಸ ಗೆದ್ದಂತೆ, ಇಲ್ಲವಾದರೆ ಅಷ್ಟೂ ದಿನದ ದುಡಿಮೆ ನೀರಲ್ಲಿ ಹೋಮ. ಮೊದಲ ವರ್ಷದ್ದು ಚೆನ್ನಾಗಿ ಸಿಕ್ಕಿತು.

ಎರಡನೇ ವರ್ಷ ಕಪ್ಪೆಗಳು ಬಂದವು.

ಮಳೆ ಹೊಯ್ಯುತ್ತಿತ್ತು. ಅತ್ತೆ ಅವಸರದಲ್ಲಿ ಒಂದಾದ ಮೇಲೊಂದು ಮುಚ್ಚಳ ಹಾಕುತ್ತಾ ಹೋದಳು. ಅವಳ ಕಣ್ಣು ಯಾವತ್ತಿನ ಹಾಗೆ ಸೂಜಿ ಹೋಗುವ ಬಿರಡೆಯ ಮೇಲೆ. ಬಳೆಯೊಳಗೆ, ನೆನೆದ ಹುಲ್ಲಿನ ಚೂರುಗಳ ಕೆಳಗೆ ಯಾರು ಕೂತಿದ್ದಾರೆ ಅಂತ ನೋಡಲಿಲ್ಲ. ಎಲ್ಲಾ ಸೀಸೆ ತುಂಬಿ ಮುಚ್ಚಳ ತೆಗೆದರೆ, ಒಂದು ದಪ್ಪ ಕಪ್ಪೆ ಚಂಗನೆ ಹಾರಿ ಅವಳ ಪಾದದ ಮೇಲೆ ಕೂತು ಗಂಟಲು ಉಬ್ಬಿಸಿತು. ಪಕ್ಕದ ಬಳೆ ತೆಗೆದಳು, ಅಲ್ಲೂ ಒಂದು. ಅದರಾಚೆಯದರಲ್ಲಿ ಗಂಡ ಹೆಂಡತಿ ಇಬ್ಬರೂ.

ಕಪ್ಪೆಯೂ ನಮ್ಮ ಹಾಗೆ ಉಸಿರಾಡುವ ಜೀವ. ಸೀಸೆಯಲ್ಲಿರುವುದು ಮಣ್ಣಿನದ್ದೆಷ್ಟು, ಕಪ್ಪೆಯದ್ದೆಷ್ಟು, ಯಾರು ಬಿಡಿಸುತ್ತಾರೆ? ಉಳಿದ ಬಳೆಗಳ ಕಪ್ಪೆಗಳು ಹಾರಿಹೋದವೋ, ಇರಲೇ ಇಲ್ಲವೋ, ಅದೂ ತಿಳಿಯದು. ಅತ್ತೆ ಮೇಡಂ ಮುಂದೆ ಹೋಗಿ ನಿಂತು, "ನಾನು ನೋಡ್ಲಿಲ್ಲ" ಅಂದಳು. ಮೇಡಂ ಮೊದಲು ಜೋರಾಗಿ ನಕ್ಕುಬಿಟ್ಟರು. ಆಮೇಲೆ ನಗು ನಿಂತಿತು. ಸೀಸೆಗಳ ಪೆಟ್ಟಿಗೆಯ ಮೇಲೆ ಕೂತು ಸುಮಾರು ಹೊತ್ತು ಮಳೆ ನೋಡಿದರು.

"ನಾನೂ ಹೇಳಿರಲಿಲ್ಲವಲ್ಲ" ಅಂದರು ಕಡೆಗೆ. "ನನಗೂ ಕಪ್ಪೆ ನೆನಪಾಗಿರಲಿಲ್ಲ. ಇನ್ನೊಂದು ವರ್ಷ ಇದೆ, ಅತ್ತೆ."

ಬೈದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದಳು. ಬೈಯಲಿಲ್ಲವಲ್ಲ, ಅದೇ ಅವಳ ಎದೆಗೆ ನಾಟಿತು. ಆ ವರ್ಷವಿಡೀ ಬೀದಿಯಲ್ಲಿ "ಕಪ್ಪೆಗೆ ಯಾವ ಇಂಜೆಕ್ಷನ್ ಅತ್ತೆ?" ಅಂತ ಕೇಳಿದವರಿಗೆಲ್ಲ ನಕ್ಕು ಉತ್ತರ ಕೊಟ್ಟಳು. ಆದರೆ ಮನೆಯಲ್ಲಿ ಕೂತಾಗ ಒಂದೇ ಯೋಚನೆ: ಉಳಿದಿರುವುದು ಒಂದೇ ಮಳೆ, ಮತ್ತು ಆ ಮಳೆಗೆ ತಮ್ಮನ ಟ್ರಾಕ್ಟರ್ ಬರುತ್ತದೆ.

ಮೂರನೇ ವರ್ಷ ಮಳೆ ಹೇಳದೆ ಕೇಳದೆ ಬಂತು. ಇನ್ನೂ ಕಾಲವೇ ಆಗಿರಲಿಲ್ಲ. ಮಧ್ಯಾಹ್ನ ಅತ್ತೆ ಬಟ್ಟೆ ಹರವುತ್ತಿದ್ದಾಗ ಆಕಾಶ ಕಪ್ಪಗಾಯಿತು. ಮೇಡಂಗೆ ಫೋನ್ ಮಾಡಿದರೆ ಅವರು ಎಲ್ಲೋ ದೂರದ ಊರಿನಲ್ಲಿ, ತಾಯಿಯ ಕಣ್ಣಿನ ಆಪರೇಷನ್‌ಗೆ ಆಸ್ಪತ್ರೆಯಲ್ಲಿ. "ನಾಳಿದ್ದಕ್ಕೆ ಮುಂಚೆ ಬರೋಕಾಗಲ್ಲ ಅತ್ತೆ..." ಅಂದರು.

"ನೀವು ಅಮ್ಮನ್ನ ನೋಡ್ಕೊಳ್ಳಿ. ನಾನಿದೀನಿ."

ಹೇಳಿದ್ದೇನೋ ಹೇಳಿದಳು. ಹೋಗುವುದು ಹೇಗೆ? ಬಸ್ ಇಲ್ಲ. ಪೆಟ್ಟಿಗೆ ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತವಳನ್ನು ದರ್ಜಿ ನೋಡಿದ. ಯಂತ್ರದಲ್ಲಿ ಯಾರದೋ ಪ್ಯಾಂಟಿನ ಒಂದು ಕಾಲು ಅರ್ಧ ಹೊಲಿದಿತ್ತು. ಹಾಗೇ ಬಿಟ್ಟು ಎದ್ದು ಸ್ಕೂಟರ್ ಹೊರಗೆಳೆದ. "ಹತ್ತಿ, ಹತ್ತಿ. ನಾವು ಹೋಗೋಷ್ಟರಲ್ಲಿ ಮಣ್ಣು ತೇಗಿಬಿಟ್ರೆ ನನ್ನ ಮೇಲೆ ಹಾಕ್ಬೇಡಿ."

ಹೊಲದಲ್ಲಿ ಅವನೇ ಒಂದೊಂದು ಬಳೆಯ ಮುಂದೂ ಕುಕ್ಕರುಗಾಲಲ್ಲಿ ಕೂತು, ಹುಲ್ಲು ಸರಿಸಿ, ಒಳಗೆ ಇಣುಕಿ, "ಯಾರಿದೀರಿ ಒಳಗೆ, ಮರ್ಯಾದೆಯಾಗಿ ಆಚೆ ಬನ್ನಿ" ಅಂತ ಕೂಗಿ ಕಪ್ಪೆಗಳನ್ನು ಎತ್ತಿ ಬದುವಿನಾಚೆ ಬಿಟ್ಟ. ಆಮೇಲೆಯೇ ಅತ್ತೆ ಮುಚ್ಚಳ ಹಾಕಿದ್ದು. ಮೊದಲ ದಿನದ್ದು ಒಂದೂ ತಪ್ಪದೆ ಸಿಕ್ಕಿತು.

ಮಾರನೇ ಬೆಳಗ್ಗೆ ಅತ್ತೆ ಒಬ್ಬಳೇ ಇದ್ದಳು. ಟ್ರಾಕ್ಟರ್ ಸದ್ದು ಕೇಳಿಸಿತು. ತಮ್ಮ ಹೊಲದ ಬಾಯಲ್ಲಿ ಇಳಿದು, ಮುಖ ಗಂಟು ಹಾಕಿಕೊಂಡು ಬಂದ.

"ಅಕ್ಕಾ, ಮಾತು ಮಾತೇ. ಹದ ಬಿದ್ದಿದೆ. ಬಿಸಿಲು ಬಂದ್ರೆ ಆರತ್ತೆ. ಮುಂದಿನ ಮಳೆ ಯಾವಾಗ ಅಂತ ನಿನ್ನ ಮೇಡಂ ಹೇಳ್ತಾಳಾ?"

"ಅವಳಿಗೂ ಗೊತ್ತಿಲ್ಲ."

"ಮತ್ತೆ?"

"ನಿನ್ನ ಮಾತು ತಪ್ಪು ಅಂತ ನಾನಂದ್ನಾ? ಈ ಸಾಲು ಒಂದು ಮುಗಿಸ್ಕೊಳ್ಳೋಕೆ ಬಿಡು. ಆಮೇಲೆ ನಾನೇ ಬಳೆ ಕಿತ್ತು ಕೊಡ್ತೀನಿ."

 ಅತ್ತೆ ಸಿರಿಂಜ್ ಹಿಡಿದಳು. ಹಿಂದಿನ ದಿನವೆಲ್ಲ ತಣ್ಣನೆ ಮಳೆಯಲ್ಲಿ ಎಳೆದ ಬೆರಳುಗಳು ಕೊಕ್ಕೆಯ ಹಾಗೆ ಬಾಗಿಕೊಂಡು, ಬಿಚ್ಚಲು ಬರಲಿಲ್ಲ. ಇನ್ನೊಂದು ಕೈಯಿಂದ ಬಿಡಿಸಿಕೊಂಡಳು, ಮತ್ತೆ ಮಡಚಿಕೊಂಡವು. ಮುಚ್ಚಳ ಹಾಕಿ ಆಗಿತ್ತು. ಹೊತ್ತು ಮೀರಿದರೆ ಆ ಬಳೆ ಹೋದ ಹಾಗೆ. ಅವಳು ತಮ್ಮನನ್ನು ಕರೆಯಲಿಲ್ಲ. ತಲೆ ಎತ್ತಿ ನೋಡಿದಳು, ಅಷ್ಟೆ. ಜೀವಮಾನದಲ್ಲಿ ಮೊದಲ ಸಲ ಸೂಜಿ ಕೈಯಲ್ಲಿದ್ದೂ ಎದುರಿನವರ ಮುಖ ನೋಡಿದಳು.

"ಥೂ, ಕೊಡಿಲ್ಲಿ" ಅಂದ ತಮ್ಮ. ತಗೊಂಡ. ಅವನ ಮುಖ ಸುಣ್ಣ ಬಳಿದ ಹಾಗಾಯಿತು. ಮೊಣಕಾಲೂರಿ ಕೂತು, ಬಿರಡೆ ಎಲ್ಲಿದೆ ಅಂತ ಒಂದು ಸಲ ನೋಡಿಕೊಂಡು, ಮುಖ ಪೂರ್ತಿ ಆಕಡೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಉಸಿರು ಕಟ್ಟಿ ಚುಚ್ಚಿದ.

"ಹೋಯ್ತಾ?"

"ಹೋಯ್ತು. ಎಳಿ. ನಿಧಾನ."

"ಸಾಯ್ತೀನಿ ಕಣೇ."

"ಮಣ್ಣಿಗೆ ಚುಚ್ತಿರೋದು ನೀನು. ನಿನಗ್ಯಾರೂ ಚುಚ್ತಿಲ್ಲ. ಎಳಿ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಮೇಡಂ ಇಷ್ಟು ವರ್ಷ ಮುಖ ತಿರುಗಿಸಿ, ಉಸಿರು ತಾಗಿಸಬೇಡಿ ಅಂತ ಬಡಕೊಂಡದ್ದನ್ನು ಇವನು ಹೇಳಿಸಿಕೊಳ್ಳದೆಯೇ ಮಾಡುತ್ತಿದ್ದ! ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಟ್ರಾಕ್ಟರಿನವನು ಹಾರ್ನ್ ಹೊಡೆದ.

"ಇದರಿಂದ ಏನು ಗೊತ್ತಾಯ್ತು ಈಗ?" ಅಂತ ತಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ಕೇಳಿದ. ಒಳಗೆ ಏನೂ ಕಾಣುತ್ತಿರಲಿಲ್ಲ.

"ನನಗೇನು ಗೊತ್ತು? ಮೇಡಂ ಯಂತ್ರಕ್ಕೆ ಹಾಕಿದ್ಮೇಲೆ ಗೊತ್ತಾಗೋದು. ಹಿಡಿಯೋದಷ್ಟೇ ನಮ್ಮ ಕೆಲಸ. ಹೋದ ಸಲ ಹಾಳು ಮಾಡ್ದೆ. ಈ ಸಲ ಹಾಳು ಮಾಡದೆ ಅವಳ ಕೈಗೆ ಕೊಟ್ರೆ ಸಾಕಾಗಿತ್ತು ನನಗೆ."

"ಇನ್ನೂ ಎಷ್ಟು ದಿನ ಬೇಕು?"

"ತೇಗು ನಿಲ್ಲೋವರೆಗೂ."

ತಮ್ಮ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ ಹಿಸುಕಿದ. ಉಂಡೆ ಕಟ್ಟಿತು, ಹೇಳಿ ಮಾಡಿಸಿದ ಹದ. ಕೈ ಕೊಡವಿಕೊಂಡು ಹೊಲದ ಬಾಯಿಗೆ ಹೋಗಿ ಟ್ರಾಕ್ಟರಿನವನಿಗೆ ಏನೋ ಹೇಳಿದ. ಟ್ರಾಕ್ಟರ್ ಈಚೆಯ ಅರ್ಧ ಹೊಲವನ್ನು ಉತ್ತು ಹೊರಟುಹೋಯಿತು. ಆಚೆಯ ಅರ್ಧ ಹಾಗೇ ಉಳಿಯಿತು. ಆ ವರ್ಷ ಎತ್ತು ಮಾರಿಬಿಟ್ಟಿದ್ದ, ಕಟ್ಟಲು ಎತ್ತೂ ಇರಲಿಲ್ಲ.

ಮೇಡಂ ಬಂದಾಗ ಅಕ್ಕ ತಮ್ಮ ಇಬ್ಬರೂ ಒಂದೊಂದು ಬಳೆ ಕಾಯುತ್ತಾ ಕೂತಿದ್ದರು, ಅಕ್ಕ ಗಡಿಯಾರ ನೋಡುತ್ತಾ, ತಮ್ಮ ಕಣ್ಣು ಮುಚ್ಚಿಕೊಂಡು. ಮಣ್ಣು ಆರಿ ಮೇಲೆ ಬಿಳಿಚುವವರೆಗೂ ಮೂವರೂ ಸೀಸೆ ತುಂಬಿದರು.

ಎರಡನೇ ಮಳೆ ಬಹಳ ತಡವಾಗಿ ಬಂತು. ಆಗ ಬಾಡಿಗೆ ಎತ್ತು ತಂದು ಆಚೆಯ ಅರ್ಧದಲ್ಲಿ ಬಿತ್ತಿದ ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿತು. ದಾರಿಯಲ್ಲಿ ಹೋಗುವವರು ಸುಮ್ಮನಿರುತ್ತಾರೆಯೇ? "ನಿಮ್ಮಕ್ಕ ಅರ್ಧ ಹೊಲ ನುಂಗಿಬಿಟ್ಲಲ್ಲಪ್ಪ!" ತಮ್ಮ ಅವರಿಗೆ ಒಂದೇ ಉತ್ತರ ಕೊಟ್ಟ: "ನುಂಗಿದ್ರೆ ನಮ್ಮಕ್ಕ ತಾನೇ, ನಿಮ್ಮಕ್ಕ ಅಲ್ವಲ್ಲ." ಅತ್ತೆಯ ಮುಂದೆ ಅವನು ಆ ಬೆಳೆಯ ಸುದ್ದಿ ಎತ್ತಲಿಲ್ಲ. ಅವಳೇ ಎತ್ತಿದಾಗ, "ಕುಳ್ಳ ಜೋಳ ಕೊಯ್ಯೋಕೆ ಸುಲಭ, ಕೈ ಎತ್ತೋ ಕೆಲಸವೇ ಇಲ್ಲ" ಅಂದ. ಅವತ್ತು ಅತ್ತೆ ಮನೆಗೆ ಬಂದು ಬೀರುವಿನ ಮುಂದೆ ಕೂತು ಅತ್ತಳಂತೆ. ದುಃಖಕ್ಕಲ್ಲ ಅಂತ ಅವಳೇ ಆಮೇಲೆ ಹೇಳಿದಳು. "ಇಂಥ ತಮ್ಮನ್ನ ಪಡೆಯೋಕೆ ನಾನೇನು ಮಾಡಿದ್ದೆ ಅಂತ ಲೆಕ್ಕ ಹಾಕ್ದೆ, ಸಿಗಲಿಲ್ಲ."

ಯಂತ್ರದಿಂದ ಉತ್ತರ ಬಂದ ಮೇಲೆ ಮೇಡಂ ಸಂಸ್ಥೆಯಿಂದ ನೇರ ಹೊಲಕ್ಕೇ ಬಂದರು. ಚಪ್ಪರದ ನೆರಳಲ್ಲಿ ಕೂತು ಹೇಳಿದರು: ಈ ಹೊಲದಲ್ಲಿ ಕೈಗೆ ಸಿಕ್ಕ ಎರಡೂ ವರ್ಷ, ಹೆಚ್ಚು ಕಾಲ ಒಣಗಿದ ಮಣ್ಣು ಮೊದಲ ಮಳೆಯ ಆ ಕೆಲವೇ ದಿನಗಳಲ್ಲಿ ಹೊರಬಿಟ್ಟಷ್ಟನ್ನು ಆಮೇಲಿನ ಎಷ್ಟೋ ವಾರಗಳಲ್ಲೂ ಬಿಟ್ಟಿರಲಿಲ್ಲ. ಮಳೆಗೆ ಮುಂಚೆಯೇ ಗೊಬ್ಬರ ಹಾಕಿದ ಕಡೆ ಇನ್ನೂ ಹೆಚ್ಚು.

"ಅಂದ್ರೆ ನಾನು ಹಾಕಿದ ಗೊಬ್ಬರ ಗಿಡಕ್ಕೆ ಸಿಗೋ ಮುಂಚೆ ರೆಕ್ಕೆ ಕಟ್ಕೊಂಡು ಹೋಗಿದೆ ಅಂತೀರಾ?" ತಮ್ಮನ ಕಿವಿ ನೆಟ್ಟಗಾಯಿತು.

"ಎಲ್ಲಾ ಅಲ್ಲ. ಒಂದಿಷ್ಟು."

"ಮೊದಲ ಮಳೆ ಹೋಗ್ಲಿ ಅಂತ ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕಿದ್ರೆ?"

"ಅದನ್ನೇ ನೋಡ್ಬೇಕು ಅಂತ ನನಗೂ ಆಸೆ. ಆದ್ರೆ ನೀವು ಬಳೆ ಕೀಳ್ತೀನಿ ಅಂದಿದ್ರಲ್ಲ..."

ತಮ್ಮ ಕಾಲುವೆಯ ಕಡೆ ನೋಡಿದ, ಬದುವಿನ ಕಡೆ ನೋಡಿದ. "ಬದುವಿನ ಮೂಲೆ ಒಡೆದು ಟ್ರಾಕ್ಟರಿಗೆ ದಾರಿ ಮಾಡ್ತೀನಿ. ಬಳೆ ಇರ್ಲಿ." ಆಮೇಲೆ ಅಕ್ಕನ ಕಡೆ ತಿರುಗಿ, ಜಗಳಕ್ಕೆ ಬಂದವನ ದನಿಯಲ್ಲಿ, "ಆದ್ರೆ ಮೋಡ ಕಂಡಾಗಲೆಲ್ಲ ನೀನು ಬೀದಿಯಿಂದ ಎದ್ದು ಬಿದ್ದು ಬರೋದು ಬೇಡ. ನಮ್ಮ ಹಿತ್ತಲ ಕೋಣೆಗೆ ಹಂಚು ಹೊದಿಸಿದೀನಿ. ಅಲ್ಲೇ ಬಂದು ಇರು. ನನ್ನ ಹೆಂಡತಿನೂ ಅದೇ ಅಂತಿದಾಳೆ."

ಅತ್ತೆ ಸೆರಗಿನಿಂದ ಪೆಟ್ಟಿಗೆಯ ಧೂಳು ಒರೆಸಿದಳು. ಆಮೇಲೆ, "ಅಡುಗೆ ನಾನು ಮಾಡಲ್ಲ, ಈಗ್ಲೇ ಹೇಳಿದೀನಿ" ಅಂದಳು.

"ಮಾಡಿದ್ರೆ ತಿನ್ನೋರ್ಯಾರು?"

ಹೊರಡುವ ದಿನ ಅವಳು ಮನೆಮನೆಗೂ ಹೋಗಿ ಒಂದೊಂದು ಲೋಟ ಟೀ ಕುಡಿದು ಬರುತ್ತೇನೆ ಅಂತ ಹೇಳಿಕೊಂಡಿದ್ದಳು. ಒಬ್ಬೊಬ್ಬರಿಗೂ ಹೇಳಬೇಕಾದ್ದು ಇತ್ತಂತೆ. ಕಾಲು ಉಳುಕಿದಾಗ ನೀರು ತಂದು ಕೊಟ್ಟವಳಿಗೆ, ಸೋರುವ ಸೂರು ಹತ್ತಿ ಸರಿ ಮಾಡಿದವನಿಗೆ, ಕಪ್ಪೆಯ ವರ್ಷ ನಗಿಸುತ್ತಲೇ ಜೊತೆಗಿದ್ದವರಿಗೆ. ದರ್ಜಿಯ ಮನೆಯಿಂದ ಶುರು ಮಾಡಿದಳು. "ನೀನು ಅವತ್ತು ಪ್ಯಾಂಟ್ ಅರ್ಧಕ್ಕೆ ಬಿಟ್ಟು ಎದ್ದೆಯಲ್ಲ, ಅದನ್ನ ನಾನು ಮರೆಯಲ್ಲ ಕಣೋ" ಅಂದಳು. ಅವನು ಸುಮ್ಮನೆ ನೂಲು ಸುತ್ತಿದ.

ಎರಡನೇ ಮನೆಯಲ್ಲಿ ಟೀ ಕೈಗೆ ಬಂದಿತ್ತಷ್ಟೆ. ಬಾಡಿಗೆ ಗಾಡಿ ತಂದಿದ್ದ ತಮ್ಮ ಬೀದಿಯಲ್ಲಿ ನಿಂತು ಆಕಾಶ ನೋಡಿ ಕೂಗಿದ.

"ಅಕ್ಕಾ! ಪಶ್ಚಿಮದಲ್ಲಿ ಕಟ್ತಿದೆ. ದೊಡ್ಡದು!"

ಅತ್ತೆ ಲೋಟ ಕೆಳಗಿಟ್ಟಳು. "ಉಳಿದವರಿಗೆಲ್ಲ ನೀವೇ ಹೇಳ್ಬಿಡಿ. ಎಲ್ಲರಿಗೂ. ಏನು ಹೇಳ್ಬೇಕು ಅಂತ ನಿಮಗೆ ಗೊತ್ತಲ್ಲ" ಅಂದವಳೇ ತನ್ನ ಮನೆಗೆ ಓಡಿದಳು. ಒಳಗೆ ಹೋಗಿ ಸೀಸೆಯ ಪೆಟ್ಟಿಗೆ ಎತ್ತಿಕೊಂಡು ಹೊರಬಂದಳು. ಹಾಸಿಗೆ, ಪಾತ್ರೆ, ಬೀರು ಎಲ್ಲ ಗಾಡಿಗೆ ಹೇರಿ ಆಗಿತ್ತು. ಬಾಗಿಲು ತೆರೆದೇ ಇತ್ತು; ಎಳೆದುಕೊಳ್ಳೋಣ ಅಂತ ಒಂದು ಕೈ ಚಾಚಿದಳು, ಪೆಟ್ಟಿಗೆ ವಾಲಿತು, ಬಿಟ್ಟಳು.

"ನಾವು ಹಾಕ್ತೀವಿ ಅತ್ತೆ, ನೀವು ಹೊರಡಿ!" ಅಂತ ಬೀದಿಯ ಎರಡೂ ಕಡೆಯಿಂದ ಕೂಗಿದರು.

ತಮ್ಮ ಕೈಹಿಡಿದು ಗಾಡಿಗೆ ಹತ್ತಿಸಿದ. ಗಾಡಿ ತಿರುವು ದಾಟುವಾಗಲೂ ಅವಳ ಮುಖ ಮೋಡದ ಕಡೆಗೇ ಇತ್ತು. ಕೈ ಮಾತ್ರ ಹಿಂದಕ್ಕೆ, ನಮ್ಮ ಕಡೆಗೆ, ಬೀಸುತ್ತಲೇ ಇತ್ತು.